ಮೇಲ್ಸೇತುವೆ ಕೆಳಗೆ ಮಲಗುವವರು ತಂಗುದಾಣಕ್ಕೆ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ಬೆಂಗಳೂರಿನ ಯಶವಂತಪುರದ ಕಡೆ ನಮ್ಮ ಮನೆ. ಹತ್ತಿರದ ಮೇಲ್ಸೇತುವೆ ಕೆಳಗೆ, ಮುಚ್ಚಿದ ಅಂಗಡಿಗಳ ಕಟ್ಟೆ ಮೇಲೆ ರಾತ್ರಿ ಮೂವತ್ತು ನಲವತ್ತು ಜನ ಮಲಗುತ್ತಾರೆ. ಎರಡು ಮೂರು ಸಂಸಾರಗಳೂ ಇವೆ, ಸಣ್ಣ ಮಕ್ಕಳಿದ್ದಾರೆ. ಒಬ್ಬರಿಗೆ ಮಾನಸಿಕ ಕಾಯಿಲೆ ಇರಬೇಕು ಅನ್ನಿಸುತ್ತದೆ. ನಮ್ಮ ನಿವಾಸಿಗಳ ಸಂಘದಲ್ಲಿ ಕೆಲವರು ಕಂಬಳಿ ಹಂಚೋಣ ಅನ್ನುತ್ತಾರೆ, ಕೆಲವರು ಪೊಲೀಸರಿಗೆ ಹೇಳಿ ಖಾಲಿ ಮಾಡಿಸೋಣ ಅನ್ನುತ್ತಾರೆ. ಸರ್ಕಾರದ ತಂಗುದಾಣ ಇದೆಯಂತೆ, ಇವರು ಅಲ್ಲಿಗೆ ಯಾಕೆ ಹೋಗುವುದಿಲ್ಲ? ಯಾವುದು ಮಾಡಿದರೆ ನಿಜವಾಗಿ ಉಪಯೋಗವಾಗುತ್ತದೆ?

ಉತ್ತರ: ತಂಗುದಾಣಕ್ಕೆ ಯಾಕೆ ಹೋಗುವುದಿಲ್ಲ ಅನ್ನುವುದರಿಂದಲೇ ಶುರು ಮಾಡೋಣ. ಅದಕ್ಕೆ ಉತ್ತರ ಸಿಕ್ಕರೆ ಕಂಬಳಿಯ ಪ್ರಶ್ನೆಗೂ ಪೊಲೀಸರ ಪ್ರಶ್ನೆಗೂ ದಾರಿ ಸಿಗುತ್ತದೆ.

ಅಲ್ಲಿ ಮಲಗುವವರಲ್ಲಿ ಹೆಚ್ಚಿನವರು ಕೆಲಸ ಮಾಡುವವರು. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಲಾರಿಗಳು ರಾತ್ರಿಯೇ ಬರುತ್ತವೆ, ಮೂಟೆ ಇಳಿಸುವ ಕೂಲಿ ಆಗ ಅಲ್ಲಿದ್ದವರಿಗೆ ಸಿಗುತ್ತದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಬೆಳಗಾಗುವ ಮೊದಲೇ ಜೋರಾಗಿರುತ್ತದೆ. ಕಲಾಸಿಪಾಳ್ಯ, ಮೆಜೆಸ್ಟಿಕ್ ಸುತ್ತಮುತ್ತ ಅಡುಗೆ ಕಂಟ್ರಾಕ್ಟರುಗಳು ಮದುವೆ ಛತ್ರಗಳಿಗೆ ಬಡಿಸುವವರನ್ನು, ಪಾತ್ರೆ ತೊಳೆಯುವವರನ್ನು ನಸುಕಿನಲ್ಲೇ ಕರೆದುಕೊಂಡು ಹೋಗುತ್ತಾರೆ. ಚಿಂದಿ ಆಯುವವರು ಪಾಲಿಕೆಯ ಕಸದ ಗಾಡಿ ಬರುವ ಮೊದಲೇ ಬೀದಿ ಸುತ್ತಿ ಬರಬೇಕು. ಇಂಥ ಕೆಲಸಕ್ಕೆ ಐದು ಕಿಲೋಮೀಟರ್ ಆಚೆ ಮಲಗಿದವರು ತಲುಪುವುದಿಲ್ಲ, ಆ ಹೊತ್ತಿಗೆ ಬಸ್ಸೂ ಇರುವುದಿಲ್ಲ. ಒಂದು ದಿನ ತಪ್ಪಿಸಿಕೊಂಡರೆ ಮೇಸ್ತ್ರಿ ಮರುದಿನ ಬೇರೆಯವರನ್ನು ಕರೆಯುತ್ತಾನೆ. ಬೆಂಗಳೂರಿನಲ್ಲಿ ಮಲಗುವ ಜಾಗವನ್ನು ತೀರ್ಮಾನಿಸುವುದು ಕೆಲಸ. ಇದನ್ನು ಮರೆತು ಮಾಡಿದ ಯಾವ ಏರ್ಪಾಡೂ ನಿಂತಿಲ್ಲ.

ಕೆಲಸ ಇದ್ದರೆ ರೂಮು ಮಾಡಬಹುದಲ್ಲ ಎಂದು ನಿಮ್ಮ ಸಂಘದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಉದಾಹರಣೆ ಲೆಕ್ಕ ಹಾಕಿ ನೋಡಿ. ದಿನಗೂಲಿ 600 ರೂಪಾಯಿ, ತಿಂಗಳಿಗೆ 18 ದಿನ ಕೆಲಸ ಸಿಕ್ಕಿತು ಎಂದಿಟ್ಟುಕೊಂಡರೆ ಆದಾಯ 10,800. ಫುಟ್‌ಪಾತ್ ಮೇಲಿನ ಬದುಕು ಪುಕ್ಕಟೆ ಅಲ್ಲ. ಪಬ್ಲಿಕ್ ಟಾಯ್ಲೆಟ್ಟಿಗೆ ದಿನಕ್ಕೆ ಎರಡು ಸಲಕ್ಕೆ ಒಟ್ಟು 10 ರೂಪಾಯಿ, ಸ್ನಾನಕ್ಕೆ 25, ಒಲೆ ಹಚ್ಚಲು ಜಾಗವಿಲ್ಲದ್ದರಿಂದ ಮೂರು ಹೊತ್ತೂ ತಳ್ಳುಗಾಡಿ ಊಟ 180, ಟೀ ಬೀಡಿಗೆ 50, ಬ್ಯಾಗು ನೋಡಿಕೊಳ್ಳುವ ಅಂಗಡಿಯವನಿಗೆ 20, ಫೋನು ಚಾರ್ಜಿಗೆ 10. ಇಷ್ಟೇ 295 ಆಯಿತು, ಕೆಲಸ ಇಲ್ಲದ ದಿನವೂ ಈ ಖರ್ಚು ತಪ್ಪದು. ತಿಂಗಳಿಗೆ 8,850 ಹೋದರೆ ಉಳಿಯುವುದು 1,950. ಊರಿಗೆ ಒಂದು ಪೈಸೆ ಕಳಿಸದಿದ್ದರೂ, ಒಂದು ದಿನ ಜ್ವರ ಬರದಿದ್ದರೂ, 5,000 ಬಾಡಿಗೆಯ ಸಣ್ಣ ಕೋಣೆಗೆ ಹತ್ತು ತಿಂಗಳ ಅಡ್ವಾನ್ಸ್ 50,000 ಕೂಡಿಸಲು ಎರಡು ವರ್ಷಕ್ಕಿಂತ ಹೆಚ್ಚು ಬೇಕು. ಆ ಹಣವನ್ನು ಇಟ್ಟುಕೊಳ್ಳುವುದಾದರೂ ಎಲ್ಲಿ? ಬ್ಯಾಂಕ್ ಖಾತೆಗೆ ಆಧಾರ್ ಕೇಳುತ್ತಾರೆ, ಆಧಾರ್ ಕಳೆದುಹೋದ ಗಂಟಿನಲ್ಲಿತ್ತು. ಜೇಬಿನ ದುಡ್ಡು ನಿದ್ದೆಯಲ್ಲಿ ಹೋಗುತ್ತದೆ. ಹಾಗಾಗಿ ಬಂದದ್ದನ್ನು ಬಂದ ದಿನವೇ ಖರ್ಚು ಮಾಡುವುದು ಅಭ್ಯಾಸವಾಗುತ್ತದೆ. ಹೊರಗಿನವರಿಗೆ ಅದು ದುಂದುಗಾರಿಕೆಯಾಗಿ ಕಾಣುತ್ತದೆ.

ಕಾನೂನು, ಯೋಜನೆಗಳ ಕಡೆ ನೋಡಿದರೆ ಕಾಗದದ ಮೇಲೆ ನಮ್ಮಲ್ಲಿ ಬಹಳಷ್ಟಿದೆ. ದೆಹಲಿಯ ಚಳಿಗಾಲದ ಸಾವುಗಳ ವಿಚಾರ 2010ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ದೊಡ್ಡ ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ, ದಿನದ 24 ಗಂಟೆ ತೆರೆದಿರುವ ತಂಗುದಾಣ ಇರಬೇಕು ಎಂಬ ಮಾನದಂಡ ಬಂತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದನ್ನು ಯೋಜನೆಯಾಗಿಸಿತು. ಲಕ್ಷಕ್ಕೆ ಕನಿಷ್ಠ 100 ಜನರ ಒಂದು ಕಾಯಂ ತಂಗುದಾಣ, ಒಬ್ಬರಿಗೆ ಕನಿಷ್ಠ 50 ಚದರ ಅಡಿ, ಪಾಳಿಯಲ್ಲಿ ಮೂವರು ಕೇರ್‌ಟೇಕರ್‌ಗಳು, ನೀರು, ಶೌಚಾಲಯ, ಸಾಮಾನಿಡಲು ಲಾಕರ್. ಜನ ಮಲಗುವ ಮತ್ತು ಕೆಲಸ ಮಾಡುವ ಜಾಗಕ್ಕೆ ಆದಷ್ಟು ಹತ್ತಿರ ಇರಬೇಕು ಎಂದೂ ಅದರಲ್ಲಿ ಬರೆದಿದೆ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಆ ಹಳೆಯ ಲೆಕ್ಕದಲ್ಲೇ 84 ತಂಗುದಾಣ ಬೇಕಿತ್ತು, ನಗರ ಆ ಸಂಖ್ಯೆಯ ಹತ್ತಿರವೂ ಹೋಗಿಲ್ಲ.

ಇರುವ ತಂಗುದಾಣಗಳಲ್ಲಿ ಏನು ಕೆಡುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂಚ ಖಾಲಿ ಬಿದ್ದಿದೆ, ಅಂದರೆ ಬೇಡಿಕೆ ಇಲ್ಲ ಎಂದು ಅಧಿಕಾರಿಗಳು ಸುಲಭವಾಗಿ ಬರೆದುಬಿಡುತ್ತಾರೆ. ಖಾಲಿ ಬೀಳುವುದಕ್ಕೆ ಬೇರೆಯೇ ಕಾರಣಗಳಿವೆ.

ಮೊದಲನೆಯದು ವೇಳೆ. ರಾತ್ರಿ ಒಂಬತ್ತಕ್ಕೆ ಗೇಟು ಹಾಕಿ ಬೆಳಿಗ್ಗೆ ಆರಕ್ಕೆ ತೆಗೆದರೆ ಹನ್ನೊಂದಕ್ಕೆ ಕೆಲಸ ಮುಗಿಸುವ ಹೋಟೆಲ್ ಹುಡುಗನಿಗೂ ಮೂರಕ್ಕೆ ಏಳಬೇಕಾದ ಹಮಾಲಿಗೂ ಅದು ಇದ್ದೂ ಇಲ್ಲ. ರಾತ್ರಿಯಿಡೀ ಲಾರಿ ಇಳಿಸಿದವರಿಗೆ ಮಲಗಲು ಬೇಕಾದದ್ದು ಹಗಲು. ಬೆಳಿಗ್ಗೆ ಎಲ್ಲರನ್ನೂ ಹೊರಗೆ ಕಳಿಸುವ ತಂಗುದಾಣ ಅವರಿಗೆ ಯಾವ ಉಪಯೋಗಕ್ಕೂ ಬಾರದು.

ಎರಡನೆಯದು ಗಂಟು. ಬೀದಿಯಲ್ಲಿರುವವರ ಇಡೀ ಆಸ್ತಿ ಒಂದು ಚೀಲದಲ್ಲಿರುತ್ತದೆ. ಬೀಗ ಹಾಕಿಡಲು ಜಾಗ ಇಲ್ಲದಿದ್ದರೆ ಒಂದೇ ಹಾಲಿನಲ್ಲಿ ಐವತ್ತು ಅಪರಿಚಿತರ ನಡುವೆ ಮಲಗುವುದಕ್ಕಿಂತ ಪರಿಚಯದ ಅಂಗಡಿ ಕಟ್ಟೆಯೇ ಮೇಲು ಅನ್ನಿಸುತ್ತದೆ. ಚಿಂದಿ ಆಯುವವರ ಕಷ್ಟ ಇನ್ನೊಂದು ಬಗೆಯದು. ಅವರ ಪ್ಲಾಸ್ಟಿಕ್ ಮೂಟೆ ಅಂದಿನ ಸಂಪಾದನೆ, ಗುಜರಿ ಅಂಗಡಿ ತೆರೆಯುವುದು ಬೆಳಿಗ್ಗೆ. ಮೂಟೆ ಒಳಗೆ ಬಿಡುವುದಿಲ್ಲ, ಹೊರಗಿಟ್ಟರೆ ಬೆಳಿಗ್ಗೆ ಇರುವುದಿಲ್ಲ. ಕಾಂಪೌಂಡಿನೊಳಗೆ ತಗಡು ಹೊದಿಸಿದ, ಬಾಗಿಲಿರುವ ಒಂದು ಮೂಲೆ ಮಾಡಿಕೊಟ್ಟರೆ ಸಾಕು, ಇಪ್ಪತ್ತು ಜನ ಒಳಗೆ ಬರುತ್ತಾರೆ. ಅಷ್ಟು ಸಣ್ಣ ಕೆಲಸ ಅದು.

ಮೂರನೆಯದು ಸಂಸಾರ. ತಂಗುದಾಣಗಳು ಸಾಮಾನ್ಯವಾಗಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಎಂದರೆ ಯಾವ ಸಂಸಾರವೂ ಒಪ್ಪುವುದಿಲ್ಲ, ಒಪ್ಪಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ನೀವು ನೋಡಿದ ಎರಡು ಮೂರು ಸಂಸಾರಗಳು ಮೇಲ್ಸೇತುವೆ ಬಿಡದಿರುವುದಕ್ಕೆ ಬಹುಶಃ ಇದೇ ಕಾರಣ. ಅವರಿಗೆ ಬೇಕಾದದ್ದು ಪ್ಲೈವುಡ್ ಅಡ್ಡಗೋಡೆಯಾದರೂ ಇರುವ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಹತ್ತಡಿ ಹತ್ತಡಿಯ ಕೋಣೆ.

ಇನ್ನು ತಿಗಣೆ. ವರದಿಗಳಲ್ಲಿ ಇದು ಕಾಣುವುದು ಕಡಿಮೆ, ತಂಗುದಾಣ ಬಿಟ್ಟವರನ್ನು ಕೇಳಿದರೆ ಎಷ್ಟೋ ಜನ ಇದನ್ನೇ ಹೇಳುತ್ತಾರೆ. ಬಟ್ಟೆ ಹೊದಿಕೆಯ ಹತ್ತಿ ಹಾಸಿಗೆ, ಮರದ ಮಂಚ ಇದ್ದರೆ ತಿಗಣೆ ಬಂದೇ ಬರುತ್ತದೆ, ಬಂದ ಮೇಲೆ ಹೋಗುವುದಿಲ್ಲ. ಕಬ್ಬಿಣದ ಮಂಚ, ಹೊಲಿಗೆ ಕಾಣದಂತೆ ರೆಕ್ಸಿನ್ ಹೊದಿಸಿದ ಹಾಸಿಗೆ, ಕಂಬಳಿ ಚಾದರಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು, ಗೋಡೆ ಬಿರುಕುಗಳಿಗೆ ಸಿಮೆಂಟು ಮೆತ್ತುವುದು, ಇಷ್ಟನ್ನು ಶುರುವಿನಲ್ಲೇ ಮಾಡಬೇಕು. ಹೊಸ ತಂಗುದಾಣಕ್ಕೆ ಹಾಸಿಗೆ ದಾನ ಕೊಡುವವರು ದಯವಿಟ್ಟು ಹಳೆಯ ಹತ್ತಿ ಹಾಸಿಗೆ ಕೊಡಬೇಡಿ.

ಕುಡಿತದ ಪ್ರಶ್ನೆಯೂ ಇದೆ. ಕುಡಿದವರಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದರೆ ಮೂಟೆ ಹೊತ್ತು ಮೈ ನೋಯಿಸಿಕೊಂಡವರಲ್ಲಿ ಬಹಳ ಮಂದಿ ಹೊರಗೇ ಉಳಿಯುತ್ತಾರೆ. ಒಳಗೆ ಕುಡಿಯುವಂತಿಲ್ಲ, ಗಲಾಟೆ ಮಾಡುವಂತಿಲ್ಲ, ಕುಡಿದು ಬಂದವರಿಗೆ ಬಾಗಿಲ ಹತ್ತಿರ ಬೇರೆ ಸಾಲು, ಈ ನಿಯಮ ನಡೆಯುತ್ತದೆ. ಇನ್ನು ಎಲ್ಲಕ್ಕಿಂತ ದೊಡ್ಡ ಕಾಯಿಲೆ ಬಿಲ್ಲು. ತಂಗುದಾಣ ನಡೆಸುವ ಸಂಸ್ಥೆಗೆ ಹಣ ತಿಂಗಳುಗಟ್ಟಲೆ ತಡವಾದರೆ ಕೇರ್‌ಟೇಕರ್‌ಗೆ ಸಂಬಳ ಇಲ್ಲ, ಅವನು ಇನ್ನೊಂದು ಕೆಲಸ ಹಿಡಿಯುತ್ತಾನೆ, ರಾತ್ರಿ ಪಾಳಿ ಖಾಲಿ, ಗೇಟಿಗೆ ಬೀಗ. ಕಟ್ಟಡ ಕಟ್ಟುವುದಕ್ಕೆ ಸಿಗುವ ಗಮನ ಆಮೇಲಿನ ಐದು ವರ್ಷದ ಸಂಬಳ, ಕರೆಂಟು, ಫಿನಾಯಿಲ್ ಖರ್ಚಿಗೆ ಸಿಗುವುದಿಲ್ಲ.

ಈಗ ನೀವು ಮಾಡಬಹುದಾದ ಕೆಲಸ. ಕಂಬಳಿಗೂ ಮೊದಲು ಎಣಿಕೆ ಮಾಡಿ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಮನೆಯಿಲ್ಲದವರನ್ನು, ಕರ್ನಾಟಕದಲ್ಲಿ ಸುಮಾರು 77 ಸಾವಿರ ಜನರನ್ನು ಲೆಕ್ಕ ಹಾಕಿತು. ಅದು 2011ರ ಫೆಬ್ರುವರಿ 28ರ ಒಂದೇ ರಾತ್ರಿಯ ಎಣಿಕೆ. ಒಂದು ರಾತ್ರಿಯಲ್ಲಿ ಬಸ್ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಅಲೆಯುವವರು, ಕಟ್ಟಡದ ಒಳಗೆ ಕಾವಲಿಗೆ ಮಲಗಿದವರು, ಆಸ್ಪತ್ರೆ ಆವರಣದಲ್ಲಿದ್ದವರು ತಪ್ಪಿಹೋಗುತ್ತಾರೆ. ನಿಮ್ಮ ಬಡಾವಣೆಯ ಮಟ್ಟದಲ್ಲಿ ಇದನ್ನು ಚೆನ್ನಾಗಿ ಮಾಡಬಹುದು.

ಇಬ್ಬಿಬ್ಬರಂತೆ ಹೋಗಿ, ಪ್ರತಿ ಜೋಡಿಯಲ್ಲಿ ಒಬ್ಬ ಹೆಂಗಸು ಇದ್ದರೆ ಒಳ್ಳೆಯದು. ಅಂಗಡಿಗಳು ಮುಚ್ಚಿದ ಮೇಲೆ, ಯಾರ್ಡಿನ ಕೆಲಸ ಶುರುವಾಗುವ ಮೊದಲು, ಅಂದರೆ ಹನ್ನೊಂದರಿಂದ ಎರಡರ ನಡುವೆ. ಒಂದು ವಾರದ ದಿನ, ಒಂದು ಶನಿವಾರ, ಎರಡು ರಾತ್ರಿ ಮಾಡಿ. ಮದುವೆ ಮುಹೂರ್ತದ ತಿಂಗಳಲ್ಲಿ ಛತ್ರದ ಕೆಲಸಕ್ಕೆಂದು ಬಂದವರು ಹೆಚ್ಚಿರುತ್ತಾರೆ, ಆಷಾಢದಲ್ಲಿ ಕಡಿಮೆ. ಯಾವ ತಿಂಗಳು ಎಣಿಸಿದಿರಿ ಎಂದು ಬರೆದಿಡಿ. ಮಲಗಿದವರನ್ನು ಎಬ್ಬಿಸಬೇಡಿ, ಮುಖಕ್ಕೆ ಟಾರ್ಚ್ ಬಿಡಬೇಡಿ, ಫೋಟೋ ತೆಗೆಯಲೇಬೇಡಿ. ಫೋಟೋ ತೆಗೆದರೆ ನಾಳೆ ಎತ್ತಂಗಡಿ ಮಾಡಿಸುತ್ತಾರೆ ಎಂಬ ಭಯ ಹುಟ್ಟುತ್ತದೆ, ಮರುದಿನ ಅರ್ಧ ಜನ ಅಲ್ಲಿರುವುದಿಲ್ಲ. ಒಂಟಿ ಗಂಡಸರು, ಒಂಟಿ ಹೆಂಗಸರು, ಸಂಸಾರಗಳು, ಮಕ್ಕಳು, ಅರವತ್ತು ದಾಟಿದವರು, ಕಾಯಿಲೆಯವರು ಎಂದು ಬೇರೆ ಬೇರೆ ಗೀಟು ಹಾಕಿಕೊಳ್ಳಿ. ಎಚ್ಚರವಿರುವವರನ್ನು ಕೂತು ಮಾತಾಡಿಸಿ. ಇಲ್ಲಿ ಎಷ್ಟು ದಿನದಿಂದ, ಏನು ಕೆಲಸ, ಎಷ್ಟು ಹೊತ್ತಿಗೆ ಹೋಗಬೇಕು, ಊರು ಯಾವುದು, ಆಧಾರ್ ಕೈಯಲ್ಲಿದೆಯೇ, ಹತ್ತಿರದಲ್ಲಿ ಬೀಗ ಹಾಕುವ ಜಾಗ ಸಿಕ್ಕರೆ ಬರುತ್ತೀರಾ. ಹೆಸರು ಬರೆದುಕೊಳ್ಳುವ ಅಗತ್ಯವಿಲ್ಲ.

ಒಂಟಿ ಹೆಂಗಸರಲ್ಲಿ ಬಹಳ ಮಂದಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವರು ರಾತ್ರಿ ಫುಟ್‌ಪಾತ್ ಮೇಲೆ ಮಲಗುವುದು ಕಡಿಮೆ. ಬೆಳಕಿರುವ ಬಸ್ ನಿಲ್ದಾಣ, ರೈಲ್ವೆ ಪ್ಲಾಟ್‌ಫಾರಂ, ದೊಡ್ಡಾಸ್ಪತ್ರೆಯ ಆವರಣ, ದೇವಸ್ಥಾನದ ಕಟ್ಟೆ, ಇಂಥ ಕಡೆ ಕೂತು ರಾತ್ರಿ ಕಳೆದು ಹಗಲಲ್ಲಿ ಪಾರ್ಕಿನಲ್ಲಿ ನಿದ್ದೆ ಮಾಡುತ್ತಾರೆ. ಹಗಲು ಎರಡು ಮೂರು ಗಂಟೆಗೆ ಪಾರ್ಕಿನ ಬೆಂಚು, ದೇವಸ್ಥಾನದ ಹಿಂಭಾಗ ಒಮ್ಮೆ ನೋಡಿಬನ್ನಿ. ಇದೇ ರೀತಿ ನಿಮ್ಹಾನ್ಸ್, ಕಿದ್ವಾಯಿ, ಜಯದೇವ ಆಸ್ಪತ್ರೆಗಳ ಸುತ್ತ ಫುಟ್‌ಪಾತಿನಲ್ಲಿ ಕಾಣುವವರಲ್ಲಿ ಎಷ್ಟೋ ಜನ ದೂರದ ಊರುಗಳಿಂದ ಬಂದ ರೋಗಿಗಳ ಕಡೆಯವರು. ಅವರಿಗೆ ಊರಲ್ಲಿ ಮನೆಯಿದೆ, ಇಲ್ಲಿ ಆ ಕೆಲವು ವಾರಗಳಿಗೆ ಸೂರಿಲ್ಲ. ಅವರಿಗೆ ಬೇಕಾದದ್ದು ಆಸ್ಪತ್ರೆ ಹತ್ತಿರದ ಧರ್ಮಛತ್ರ, ಅಡುಗೆ ಮಾಡಿಕೊಳ್ಳಲು ಒಂದು ಒಲೆ. ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದರೆ ಯಾರಿಗೂ ಹೊಂದದ ಪರಿಹಾರ ಹುಟ್ಟುತ್ತದೆ.

ಕಂಬಳಿ ಹಂಚುವುದರ ಬಗ್ಗೆ ನೇರವಾಗಿ ಹೇಳುವುದಾದರೆ, ಬೆಂಗಳೂರಿನಲ್ಲಿ ಅದು ಮೊದಲ ಅಗತ್ಯವಲ್ಲ. ದೆಹಲಿಯಲ್ಲಿ ಚಳಿ ಕೊಲ್ಲುತ್ತದೆ, ಇಲ್ಲಿ ಕಾಡುವುದು ಹೆಚ್ಚಾಗಿ ಮಳೆ. ಮೇ ತಿಂಗಳ ಸಂಜೆ ಮಳೆ, ಸೆಪ್ಟೆಂಬರ್ ಅಕ್ಟೋಬರ್‌ನ ರಾತ್ರಿ ಮಳೆ ಬಂದರೆ ಹಾಸಿಗೆ, ಬಟ್ಟೆ, ಕಾಗದ ಎಲ್ಲ ನೆಂದು ಹೋಗುತ್ತದೆ, ಉಳಿದ ರಾತ್ರಿ ನಿಂತುಕೊಂಡೇ ಕಳೆಯಬೇಕು. ಕಂಬಳಿ ಕೊಟ್ಟರೂ ಹಗಲು ಅದನ್ನು ಇಡಲು ಜಾಗವಿಲ್ಲ. ಹೊತ್ತು ತಿರುಗಲಾಗದೆ ಗೋಡೆ ಸಂದಿಯಲ್ಲಿ ತುರುಕಿಟ್ಟರೆ ಪೌರಕಾರ್ಮಿಕರ ಗಾಡಿಗೆ ಹೋಗುತ್ತದೆ. ಅದೇ ದುಡ್ಡಿನಲ್ಲಿ ದಪ್ಪ ಪ್ಲಾಸ್ಟಿಕ್ ಶೀಟು, ಕಾಗದ ಇಡಲು ಕುತ್ತಿಗೆಗೆ ಹಾಕಿಕೊಳ್ಳುವ ನೀರು ಹೋಗದ ಚೀಲ, ಸೊಳ್ಳೆ ಪರದೆ, ಹೆಂಗಸರಿಗೆ ಸ್ಯಾನಿಟರಿ ಪ್ಯಾಡ್ ಕೊಡಿ. ಇನ್ನೂ ಒಳ್ಳೆಯದು, ನಿಮ್ಮ ಸಂಘದ ಕಚೇರಿಯ ಹಿಂಭಾಗದಲ್ಲಿ ಇಪ್ಪತ್ತು ಕಬ್ಬಿಣದ ಲಾಕರ್ ಇಟ್ಟು ಬೀಗ ಅವರ ಕೈಗೇ ಕೊಡಿ. ಊಟದ ವಿಷಯದಲ್ಲಿ, ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು 2017ರಲ್ಲಿ ಶುರುವಾದ ಏರ್ಪಾಡು ಮೇಲಿನ ಲೆಕ್ಕದ 180 ರೂಪಾಯಿಯನ್ನು ತುಂಬಾ ಇಳಿಸುತ್ತದೆ. ನಿಮ್ಮ ಹತ್ತಿರದ ಕ್ಯಾಂಟೀನು ತೆರೆದಿದೆಯೇ, ರಾತ್ರಿ ಊಟ ಬೇಗ ಖಾಲಿಯಾಗುತ್ತಿದೆಯೇ ನೋಡಿ. ಖಾಲಿಯಾಗುತ್ತಿದ್ದರೆ ಅದರ ಬಗ್ಗೆ ಪಾಲಿಕೆಗೆ ಬರೆಯುವುದು ಮದುವೆ ಮನೆಯ ಉಳಿದ ಅನ್ನ ತಂದು ಸುರಿಯುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಪೊಲೀಸರಿಗೆ ಹೇಳಿ ಖಾಲಿ ಮಾಡಿಸುವುದು ಬೇಡ. ಅದು ಅನ್ಯಾಯ, ಅದರಿಂದ ಪ್ರಯೋಜನವೂ ಇಲ್ಲ. ಮಧ್ಯರಾತ್ರಿ ಎಬ್ಬಿಸಿ ಓಡಿಸಿದರೆ ಜನ ಎರಡು ರಸ್ತೆ ಆಚೆ ಹೋಗಿ ಮಲಗುತ್ತಾರೆ. ಹೋಗುವಾಗ ಆಧಾರ್ ಕಾರ್ಡು, ಕ್ಷಯದ ಮಾತ್ರೆ, ಮಗುವಿನ ಲಸಿಕೆ ಚೀಟಿ ಇಲ್ಲೇ ಬಿದ್ದುಹೋಗುತ್ತದೆ. ಬೊಂಬಾಯಿಯ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲೇ ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನೊಳಗೇ ಬರುತ್ತದೆ ಎಂದಿದೆ. ತೆರವು ಮಾಡುವ ಅಧಿಕಾರ ಪಾಲಿಕೆಗೆ ಇಲ್ಲವೆಂದು ಕೋರ್ಟು ಹೇಳಲಿಲ್ಲ, ನೋಟಿಸು ಕೊಟ್ಟು ಅವರ ಮಾತು ಕೇಳುವುದೇ ನಿಯಮವಾಗಬೇಕು ಎಂದಿತು.

ಭಿಕ್ಷುಕರ ಕಾಲೊನಿಗೆ ಕಳಿಸೋಣ ಎಂಬ ಮಾತೂ ನಿಮ್ಮ ಸಂಘದಲ್ಲಿ ಬರಬಹುದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರವಿದೆ. ಅದು ಭಿಕ್ಷೆ ಬೇಡುವವರನ್ನು ಹಿಡಿದು ಇಡುವ ವ್ಯವಸ್ಥೆ, ಮನೆಯಿಲ್ಲದ ಕೂಲಿಯವರಿಗೆ ಅದು ಅನ್ವಯಿಸುವುದೇ ಇಲ್ಲ. ಆದರೂ ಹಿಡಿಯುವವರಿಗೆ ಮಾಸಿದ ಬಟ್ಟೆಯೇ ಸಾಕ್ಷಿಯಾಗುವ ಅಪಾಯ ಯಾವಾಗಲೂ ಇದೆ. 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದನ್ನು ಬೆಂಗಳೂರಿಗರು ಮರೆಯಬಾರದು. ದೆಹಲಿ ಹೈಕೋರ್ಟು 2018ರಲ್ಲಿ ಅಲ್ಲಿನ ಕಾನೂನಿನ ಭಿಕ್ಷಾಟನೆಯನ್ನು ಅಪರಾಧವಾಗಿಸುವ ಭಾಗಗಳನ್ನು ರದ್ದು ಮಾಡಿತು. ನಮ್ಮ ಕಾಯ್ದೆ ಬೇರೆಯಾದ್ದರಿಂದ ಆ ತೀರ್ಪು ಇಲ್ಲಿಗೆ ನೇರವಾಗಿ ಅನ್ವಯಿಸುವುದಿಲ್ಲ, ಆದರೆ ಅದರ ತರ್ಕ ಇಲ್ಲಿಗೂ ಸಲ್ಲುತ್ತದೆ ಎನ್ನುವುದು ನಮ್ಮ ಅಭಿಪ್ರಾಯ.

ಮಾನಸಿಕ ಕಾಯಿಲೆ ಇರುವಂತೆ ಕಾಣುವ ಆ ವ್ಯಕ್ತಿಯ ವಿಷಯದಲ್ಲಿ ಮಾತ್ರ ಪೊಲೀಸರ ನೆರವು ಬೇಕು, ಅದು ಅವರ ಕರ್ತವ್ಯವೂ ಹೌದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯಿಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. 18ನೇ ಸೆಕ್ಷನ್ ಇಂಥವರಿಗೆ ಬಿಪಿಎಲ್ ಕಾರ್ಡು ಇಲ್ಲದಿದ್ದರೂ ಚಿಕಿತ್ಸೆ ಉಚಿತ ಎನ್ನುತ್ತದೆ. ಕೆಡುವುದು ಎರಡು ಕಡೆ. ಠಾಣೆಯಲ್ಲಿ "ಸಂಬಂಧಿಕರು ಯಾರಾದರೂ ಬಂದು ಕಂಪ್ಲೇಂಟು ಕೊಡಲಿ" ಅನ್ನುತ್ತಾರೆ, ಆಸ್ಪತ್ರೆಯಲ್ಲಿ "ಜೊತೆಗೆ ಯಾರಿದ್ದೀರಿ, ಅಟೆಂಡರ್ ಬೇಕು" ಅನ್ನುತ್ತಾರೆ. ಆದ್ದರಿಂದ 112ಕ್ಕೆ ಫೋನು ಮಾಡಿ, ದೂರಿನ ಸಂಖ್ಯೆ ಬರೆದುಕೊಂಡು, ಸೆಕ್ಷನ್ 100 ಎಂದು ಉಲ್ಲೇಖಿಸಿದ ಒಂದು ಪುಟದ ಪತ್ರದೊಂದಿಗೆ ಠಾಣೆಗೆ ಹೋಗಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಹೇಗೆ ಮಾತಾಡಿಸಬೇಕು ಎಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಉತ್ತರಿಸುತ್ತಾರೆ. ಬಲವಂತವಾಗಿ ನೀವೇ ಗಾಡಿಗೆ ಹತ್ತಿಸಬೇಡಿ. ಅದಕ್ಕೂ ಮೊದಲು ದಿನಾ ಒಂದೇ ಹೊತ್ತಿಗೆ, ಒಬ್ಬರೇ ಹೋಗಿ ಟೀ ಕೊಟ್ಟು ಎರಡು ಮಾತಾಡಿದರೆ ಒಂದೆರಡು ವಾರದಲ್ಲಿ ಊರಿನ ಸುಳಿವು ಸಿಗುತ್ತದೆ. ಜಿಲ್ಲೆಯ ಹೆಸರು ಕೇಳಿದರೆ ಹೇಳಲಾರರು. ಊರ ದೇವರು ಯಾವುದು, ಸಂತೆ ಯಾವ ವಾರ, ರೈಲು ಎಲ್ಲಿ ನಿಲ್ಲುತ್ತದೆ ಎಂದು ಅವರ ಭಾಷೆಯಲ್ಲೇ ಕೇಳಿದರೆ ಥಟ್ಟನೆ ಹೇಳುತ್ತಾರೆ. ಒಡಿಯಾ, ಹಿಂದಿ, ತೆಲುಗು ಬಲ್ಲ ಒಬ್ಬರು ನಿಮ್ಮ ಬಡಾವಣೆಯಲ್ಲೇ ಇರುತ್ತಾರೆ.

ಕಾಗದಪತ್ರದ ಕೆಲಸ ನೀರಸವಾಗಿ ಕಾಣುತ್ತದೆ, ಆದರೆ ಬೀದಿಯಿಂದ ಕೋಣೆಗೆ ಹೋಗುವ ದಾರಿ ಅದರ ಮೂಲಕವೇ. ಆಧಾರ್ ಒಮ್ಮೆ ಮಾಡಿಸಿದ್ದರೆ ಹೊಸದಾಗಿ ಅರ್ಜಿ ಹಾಕಬೇಡಿ, ತಿರಸ್ಕೃತವಾಗುತ್ತದೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಮತ್ತು ವಿವರ ಕೊಟ್ಟು ಹಳೆಯ ಸಂಖ್ಯೆಯನ್ನೇ ಹುಡುಕಿಸಿ. ಸಿಮೆಂಟು, ಸುಣ್ಣದ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ, ಆಗ ಕಣ್ಣಿನ ಸ್ಕ್ಯಾನ್ ಕೇಳಿ. ವಿಳಾಸಕ್ಕೆ ಮಾನ್ಯತೆ ಪಡೆದ ತಂಗುದಾಣದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ನಡೆಯುತ್ತದೆ. ಅದು ಮೂರು ತಿಂಗಳಷ್ಟೇ ಊರ್ಜಿತ, ಹಾಗಾಗಿ ಕೇಂದ್ರಕ್ಕೆ ಹೋಗುವ ದಿನ ಗೊತ್ತಾದ ಮೇಲೆ ಬರೆಸಿ. ಮೊಬೈಲ್ ನಂಬರು ಇನ್ನೊಂದು ತೊಡಕು. ರೀಚಾರ್ಜ್ ಮಾಡದೆ ತಿಂಗಳುಗಟ್ಟಲೆ ಬಿಟ್ಟ ಸಿಮ್ ರದ್ದಾಗಿ ಆ ನಂಬರು ಬೇರೆಯವರಿಗೆ ಹೋಗಿರುತ್ತದೆ, ಓಟಿಪಿ ಅವರಿಗೆ ಬರುತ್ತದೆ. ಹೊಸ ನಂಬರನ್ನು ಮೊದಲು ಆಧಾರ್‌ಗೆ ಜೋಡಿಸಿ, ಆಮೇಲೆ ಜನ್ ಧನ್ ಖಾತೆ, ಆಮೇಲೆ ಇ-ಶ್ರಮ್, ಅಂದರೆ ಅಸಂಘಟಿತ ಕಾರ್ಮಿಕರ ನೋಂದಣಿ. ಊರಲ್ಲಿ ರೇಷನ್ ಕಾರ್ಡು ಇದ್ದರೆ ರದ್ದು ಮಾಡಿಸಬೇಡಿ, ಹೊಸ ಅರ್ಜಿ ಆಗಾಗ ನಿಂತಿರುತ್ತದೆ. ಅದೇ ಕಾರ್ಡಿನಲ್ಲಿ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಅಕ್ಕಿ ತರಬಹುದು. ಮತದಾರರ ಪಟ್ಟಿಗೆ ಮನೆಯಿಲ್ಲದವರು ವಿಳಾಸದ ದಾಖಲೆ ಕೊಡಬೇಕಿಲ್ಲ. ನಮೂನೆ 6ರಲ್ಲಿ ಮಲಗುವ ಜಾಗ ಬರೆದರೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಓ) ರಾತ್ರಿ ಹೊತ್ತು ಒಂದಕ್ಕಿಂತ ಹೆಚ್ಚು ಸಲ ಬಂದು ಅವರು ಅಲ್ಲೇ ಮಲಗುತ್ತಾರೆ ಎಂದು ನೋಡಿ ಸೇರಿಸಿಕೊಳ್ಳಬೇಕು.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿರುವವರು ಯಾರಾದರೂ ಇದ್ದರೆ ಮೊದಲು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿ, ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ. ಬೀದಿಯಲ್ಲಿರುವವರು ಅರ್ಧಕ್ಕೆ ಬಿಡುವುದು ಸೋಮಾರಿತನದಿಂದಲ್ಲ, ಮಾತ್ರೆಯ ಪಟ್ಟಿ ಗಂಟಿನ ಜೊತೆ ಕಳೆದುಹೋಗುವುದರಿಂದ. ಮಾತ್ರೆಯನ್ನು ಹತ್ತಿರದ ಮೆಡಿಕಲ್ ಶಾಪಿನಲ್ಲೋ ಟೀ ಅಂಗಡಿಯಲ್ಲೋ ಇಟ್ಟು ದಿನಾ ಅಲ್ಲೇ ನುಂಗುವ ಏರ್ಪಾಡು ಮಾಡಿ.

ಮಕ್ಕಳ ಬಗ್ಗೆ ಎಚ್ಚರಿಕೆಯಿಂದ ಹೆಜ್ಜೆ ಇಡಿ. ಅಪ್ಪ ಅಮ್ಮನ ಜೊತೆ ಇರುವ ಮಗುವನ್ನು ಬಡತನದ ಕಾರಣಕ್ಕೇ ಬೇರೆ ಮಾಡಿಸುವುದು ತಪ್ಪು. ಅಂಥ ಮಕ್ಕಳಿಗೆ ಹತ್ತಿರದ ಅಂಗನವಾಡಿ, ಸರ್ಕಾರಿ ಶಾಲೆ ಸೇರಿಸಿ, ದಾಖಲೆ ಇಲ್ಲವೆಂದು ಶಾಲೆ ನಿರಾಕರಿಸುವಂತಿಲ್ಲ. ಒಂಟಿಯಾಗಿರುವ ಮಗು, ಹೊಡೆತ ತಿನ್ನುತ್ತಿರುವ ಮಗು, ಭಿಕ್ಷೆಗೆ ಬಳಕೆಯಾಗುತ್ತಿರುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಮಕ್ಕಳು ಬಿಟ್ಟುಹೋದ ವೃದ್ಧರಾದರೆ ಹಿರಿಯ ನಾಗರಿಕರ ಸಹಾಯವಾಣಿ 14567. ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ ಬಂದ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಜೀವನಾಂಶ ಕೇಳಬಹುದು, ವಕೀಲರು ಬೇಕಿಲ್ಲ.

ತಂಗುದಾಣ ಎಷ್ಟೇ ಚೆನ್ನಾಗಿದ್ದರೂ ಅದು ಮನೆಯಲ್ಲ. ಫಿನ್ಲೆಂಡು 2008ರಿಂದ ಮೊದಲು ಮನೆ, ಉಳಿದ ನೆರವು ಆಮೇಲೆ ಎಂಬ ನೀತಿ ಹಿಡಿದು ತಂಗುದಾಣಗಳನ್ನೇ ಬಾಡಿಗೆ ಮನೆಗಳಾಗಿ ಬದಲಿಸಿತು. ಅದು ಸಾಧ್ಯವಾದದ್ದು ಅಲ್ಲಿ ಸಾರ್ವಜನಿಕ ಬಾಡಿಗೆ ಮನೆಗಳೂ ಬಾಡಿಗೆಗೆ ಸರ್ಕಾರದ ಸಹಾಯವೂ ಇದ್ದದ್ದರಿಂದ. ನಮ್ಮಲ್ಲಿ ವಸತಿ ಯೋಜನೆ ಎಂದರೆ ಸ್ವಂತ ಮನೆ, ಸಾಲ, ಹಕ್ಕುಪತ್ರ. ಒಂಟಿ ಕೂಲಿಯವರಿಗೆ ಬೇಕಾದ ತಿಂಗಳಿಗೆ 1,500 ರೂಪಾಯಿಯ ಬಾಡಿಗೆ ಹಾಸಿಗೆಯನ್ನು ಯಾವ ಇಲಾಖೆಯೂ ಕಟ್ಟುವುದಿಲ್ಲ. 2020ರ ಲಾಕ್‌ಡೌನ್ ನಂತರ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರಿಗೆ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯ ಎಂಬ ಯೋಜನೆ ಘೋಷಿಸಿತು. ದಿಕ್ಕು ಸರಿಯಾಗಿತ್ತು, ಆದರೆ ಮಾರುಕಟ್ಟೆಯ ಪಕ್ಕದಲ್ಲಿ ಅಂಥದ್ದು ಎದ್ದಿದ್ದರೆ ನಿಮ್ಮ ಮೇಲ್ಸೇತುವೆ ಕೆಳಗೆ ಇಷ್ಟು ಜನ ಇರುತ್ತಿರಲಿಲ್ಲ. ನಿಮ್ಮ ಸಂಘದ ಅಳತೆಯಲ್ಲಿ ಮಾಡಬಹುದಾದದ್ದು ಅಡ್ವಾನ್ಸ್ ನಿಧಿ. ಒಟ್ಟಿಗೆ ಕೆಲಸ ಮಾಡುವ ಮೂವರು ಒಂದು ಕೋಣೆ ಹಿಡಿದರೆ 5,000 ಬಾಡಿಗೆ ತಲೆಗೆ 1,700ರ ಒಳಗೆ ಬರುತ್ತದೆ. 50,000 ಅಡ್ವಾನ್ಸನ್ನು ಸಂಘವೇ ಮನೆ ಮಾಲೀಕರಿಗೆ ಚೆಕ್ಕಿನಲ್ಲಿ ಕೊಟ್ಟು, ಕರಾರಿನಲ್ಲಿ ಆ ಹಣ ಸಂಘಕ್ಕೇ ವಾಪಸು ಬರಬೇಕೆಂದು ಬರೆಸಿ. ಒಂದು ಸಂಸಾರದಿಂದ ಶುರು ಮಾಡಿ. ಮೊದಲ ಮೂರು ತಿಂಗಳು ಬಾಡಿಗೆ ತಪ್ಪುವುದು ಸಹಜ, ಮಳೆಗಾಲದಲ್ಲಿ ಕೆಲಸ ನಿಂತಾಗಲೂ ತಪ್ಪುತ್ತದೆ, ಅದಕ್ಕೆ ಎರಡು ತಿಂಗಳ ಬಾಡಿಗೆಯಷ್ಟು ಬೇರೆ ತೆಗೆದಿಡಿ.

ಪಾಲಿಕೆಯನ್ನು ಕೇಳುವಾಗ ನಿಮ್ಮ ಎಣಿಕೆಯ ಹಾಳೆ ಜೊತೆಗಿಟ್ಟು ಕೇಳಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರಪಾಲಿಕೆಗಳು ಬಂದಿವೆ. ನಿಮ್ಮದು ಯಾವುದೋ ಅದರ ಆಯುಕ್ತರಿಗೆ ಪತ್ರ ಕೊಡಿ, ಯಾರ್ಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಪಾಲಿಕೆಯದೇ ಖಾಲಿ ಕಟ್ಟಡ ಯಾವುದಿದೆ ಎಂದು ನೀವೇ ಗುರುತಿಸಿ ಬರೆಯಿರಿ. ಜೊತೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಆದ್ದರಿಂದ ಎರಡು ಅರ್ಜಿ ಮಾಡಿ. ಮೊದಲನೆಯದರಲ್ಲಿ ಈ ಪಾಲಿಕೆಯ ತಂಗುದಾಣಗಳ ವಿಳಾಸ, ಎಷ್ಟು ಜನರಿಗೆ ಜಾಗ, ಕಳೆದ 12 ತಿಂಗಳ ರಾತ್ರಿವಾರು ಹಾಜರಿ, ನಡೆಸುವ ಸಂಸ್ಥೆಗೆ ಹಣ ಕೊಟ್ಟ ದಿನಾಂಕಗಳನ್ನು ಕೇಳಿ. ಎರಡನೆಯದು ನಿಮ್ಮದೇ ದುಡ್ಡಿನ ಲೆಕ್ಕ. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಉಪಕರ ಸೇರಿರುತ್ತದೆ, ಅಂದರೆ 8,000 ತೆರಿಗೆಗೆ 240 ರೂಪಾಯಿ. ಅದು ಎಷ್ಟು ಸಂಗ್ರಹವಾಯಿತು, ಅದರಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುವ ಕೇಂದ್ರ ಪರಿಹಾರ ಸಮಿತಿಗೆ ಎಷ್ಟು ವರ್ಗಾಯಿಸಿದರು, ಬಾಕಿ ಎಷ್ಟು ಎಂದು ವರ್ಷವಾರು ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ. ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.